ಉಪ್ಪುನೀರಿಗೆ ಏಳದ ಕಾಯಿ

ನಾಲ್ಕು ದಿನ ದೋಣಿಯಲ್ಲೇ ಊಟ, ದೋಣಿಯಲ್ಲೇ ನಿದ್ದೆ ಎಂದು ಫೋನಿನಲ್ಲಿ ವಿಡಿಯೋ ನೋಡಿ ಹುಚ್ಚು ಹಿಡಿಸಿಕೊಂಡವನು ಯರ್ರಪ್ಪ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನಿಗೆ ಅಂಡಮಾನಿನ ಹಾಯಿದೋಣಿ ಯಾಕೆ ಬೇಕಿತ್ತೋ! "ಮೂವರಿಗೂ ಐವತ್ತಾತು, ಇನ್ಯಾವಾಗ ಹೋಗಾದು?" ಎಂದ. ಹೈಸ್ಕೂಲಿನಿಂದ ಜೊತೆಗಿರುವ ಮೂವರಲ್ಲಿ ಇನ್ನೊಬ್ಬ ಗೌರಸಮುದ್ರದ ಚಿಕ್ಕೀರಪ್ಪ. ಮೂರನೆಯವನು ನಾನು, ಬಿ.ಜಿ. ಕೆರೆಯ ಬೊಮ್ಮಲಿಂಗಪ್ಪ. ಇತ್ತ ಮೊಳಕಾಲ್ಮೂರು, ಅತ್ತ ಚಳ್ಳಕೆರೆಯವರೆಗೂ ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುವವನು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತೇನೆ. ಕೆಳಗೆ ನೀರಿದ್ದ ಕಡೆ ಕಾಯಿ ಎದ್ದು ನಿಲ್ಲುತ್ತದೆ. ಹಾಗಂತ ಜನ ನಂಬಿದ್ದಾರೆ, ನಾನೂ ನಂಬಿದ್ದೆ.

ತನ್ನ ದುಡ್ಡಿನಲ್ಲಿ ನನ್ನ ಟಿಕೆಟ್ ತೆಗೆಸಿದವನು ಚಿಕ್ಕೀರಪ್ಪ. ನನ್ನನ್ನು ಚುಚ್ಚುತ್ತಿದ್ದದ್ದೂ ಅದೇ. ಹೊರಡುವ ಹಿಂದಿನ ವಾರ ಅವನ ಹೊಲದಲ್ಲಿ ಬೆಳಗ್ಗೆಯಿಂದ ತಿರುಗಿದ್ದೆ, ಕಾಯಿ ಅಲುಗಲಿಲ್ಲ. ಅವನ ಹೆಂಡತಿ ಕೆಂಚಕ್ಕ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಿಸಿಲಲ್ಲಿ ನನ್ನ ಪಕ್ಕಕ್ಕೇ ನಡೆಯುತ್ತಿದ್ದಳು. ಚಿಕ್ಕೀರಪ್ಪ ಬದುವಿನ ಮೇಲೆ ಕೂತು ದೂರದಿಂದ ನೋಡುತ್ತಿದ್ದ. ದಾಳಿಂಬೆ ಇಡಬೇಕು, ಅದಕ್ಕೆ ಬೋರ್ ಬೇಕು, ಬೋರಿಗೆ ಅವಳ ತವರಿನವರು ಹಾಕಿದ ಎರಡೆಳೆ ಸರ ಮಾರಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. "ಎಲ್ಲಾದ್ರೂ ನಿಲ್ತೈತೇನ್ರಣ್ಣಾ?" ಎಂದಳು. ಬೇವಿನ ಮರದ ಹತ್ತಿರ ಹೆಬ್ಬೆಟ್ಟಿನಿಂದ ಒಂದಿಷ್ಟು ಒತ್ತಿದೆ. ಕಾಯಿ ಎದ್ದಿತು. ಅವಳು ಅಲ್ಲೇ ನೆಲಕ್ಕೆ ಕೈಮುಗಿದಳು.

ನಾವು ವಾಪಸ್ ಬಂದ ಮೇಲೆ ಮಲ್ಲಿಕ್‌ನ ಬೋರ್ ಗಾಡಿ ಬರುವುದೆಂದು ಮಾತಾಗಿತ್ತು. ಅಷ್ಟರೊಳಗೆ ಚಿಕ್ಕೀರಪ್ಪನಿಗೆ ನಿಜ ಹೇಳಿಬಿಡಬೇಕು ಎಂದುಕೊಂಡೇ ದೋಣಿ ಹತ್ತಿದೆ.

ದೋಣಿಯ ಕ್ಯಾಪ್ಟನ್ ಅಂಜಿನೇಯ ತೆಲುಗಿನವನು. ನಮಗೂ ತೆಲುಗು ಬರುತ್ತದೆ, ಸದ್ಯ. ಟ್ಯಾಂಕಿನ ಸಿಹಿನೀರು ನಾಲ್ಕು ದಿನ ಬರಬೇಕು, ನೋಡಿಕೊಂಡು ಬಳಸಿ ಎಂದು ಮೊದಲೇ ಹೇಳಿದ್ದ. ಊರಲ್ಲಿ ನಾಲ್ಕು ಚೊಂಬಿನಲ್ಲಿ ಸ್ನಾನ ಮುಗಿಸುವ ಚಿಕ್ಕೀರಪ್ಪನಿಗೆ ಸುತ್ತಲೂ ನೀರು ಕಂಡು ತಲೆ ಕೆಟ್ಟಿತು. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಷವರ್ ಕೆಳಗೆ ನಿಂತ. ಯರ್ರಪ್ಪ ತನ್ನ ಲುಂಗಿ, ಬನಿಯನ್ ಎಲ್ಲ ಒಗೆದು ಹಾಯಿಯ ಹಗ್ಗಕ್ಕೆ ಒಣಹಾಕಿದ.

ಎರಡನೇ ದಿನ ಯರ್ರಪ್ಪನಿಗೆ ಕೀಟಲೆ ಹೆಚ್ಚಾಯಿತು. ದೋಣಿಗೆ ಒಡೆಯಲೆಂದು ತಂದಿದ್ದ ಕಾಯಿ ನನ್ನ ಕೈಗಿಟ್ಟ. "ಲೇ ಬೊಮ್ಮ, ಕೆಳಗೆಲ್ಲಾ ನೀರೇ ಐತೆ. ಹಿಡಿ, ನೋಡಾಣ."

ಹಿಡಿದೆ. ಕಾಯಿ ಊಟ ಮಾಡಿದ ಎಮ್ಮೆಯಂತೆ ಮಲಗಿತ್ತು. ನಿಜ ಹೇಳಲು ಇದಕ್ಕಿಂತ ಒಳ್ಳೇ ಗಳಿಗೆ ಇರಲಿಲ್ಲ. ಆದರೆ ನನ್ನ ಹಾಳು ಬಾಯಿ! "ಇದು ಉಪ್ಪುನೀರಿಗೆಲ್ಲಾ ಏಳಲ್ಲ ಕಣ್ರಲೇ" ಅಂದುಬಿಟ್ಟಿತು.

ಚಿಕ್ಕೀರಪ್ಪ ಮೂಗಿನ ಮೇಲೆ ಬೆರಳಿಟ್ಟ. "ನೋಡ್ಲಾ ಯರ್ರ, ಎಂಥ ನಿಯತ್ತಿನ ಕಾಯಿ!"

ಮೂರನೇ ದಿನ ಬೆಳಗ್ಗೆ ನಲ್ಲಿ ಬುಸ್ ಅಂದು ನಿಂತಿತು. ಸಮುದ್ರದ ಮಧ್ಯೆ ಕೂತು ಟ್ಯಾಂಕರ್ ಕಾಯುವ ಯೋಗ! ಅಂಜಿನೇಯ ಹಲ್ಲು ಕಡಿಯುತ್ತ ಒಂದು ಚಿಕ್ಕ ದ್ವೀಪದ ಬಳಿ ಲಂಗರು ಹಾಕಿ, ಕ್ಯಾನುಗಳನ್ನು ಇಳಿಸಿದ. ಚಿಕ್ಕೀರಪ್ಪ ಮಾತ್ರ ಹುರುಪಿನಲ್ಲಿದ್ದ. "ಬೊಮ್ಮ ಇರೋವಾಗ ಎಂಥ ಚಿಂತೆ? ಸಿಹಿನೀರು ತೋರಿಸ್ತಾನೆ ಬರ್ರಿ."

ಕಾಯಿ ಹಿಡಿದು ಮರಳಿನಲ್ಲಿ ನಡೆದೆ. ಅವನ ಮೇಲೆ, ಷವರ್ ಮೇಲೆ, ನನ್ನ ಮೇಲೆ ಸಿಟ್ಟು ನೆತ್ತಿಗೇರಿತ್ತು. ಯಾವುದೋ ಬೇರು ಎಡವಿದೆ. ಕಾಯಿ ನೆಟ್ಟಗೆ ಎದ್ದು ನಿಂತಿತು.

ಗೆಳೆಯರಿಬ್ಬರೂ ಮಂಡಿಯೂರಿ ಕೈಯಲ್ಲೇ ತೋಡಿದರು. ಮೂರಡಿಗೆ ನೀರು. ಚಿಕ್ಕೀರಪ್ಪ ಬೊಗಸೆಯಲ್ಲಿ ಕುಡಿದ. "ಸಿಹಿ ಐತೆ ಕಣ್ಲಾ!" ಎಂದವನ ಕಣ್ಣು ತುಂಬಿತ್ತು. ಈ ದ್ವೀಪದಲ್ಲಿ ಮರವಿದ್ದ ಕಡೆ ಎಲ್ಲಿ ತೋಡಿದರೂ ಮೂರಡಿಗೆ ಸಿಹಿನೀರೇ ಎಂದು ಅಂಜಿನೇಯ ಹೇಳಿದ. ಕೇಳುವವರಾರು?

ನನಗೆ ತಡೆಯಲಾಗಲಿಲ್ಲ. "ಚಿಕ್ಕೀರ, ನಿನ್ನ ಹೊಲದಾಗೆ ಕಾಯಿ ಎದ್ದಿರಲಿಲ್ಲಲೇ. ನಾನೇ ಹೆಬ್ಬೆಟ್ಟಿನಾಗೆ ಎಬ್ಬಿಸ್ದೆ. ಇಲ್ಲಿ ಬೇರು ಎಡವಿದೆ, ಅಷ್ಟೇ. ನಮ್ಮವ್ವನಾಣೆ!"

ಅವನು ನನ್ನನ್ನೇ ನೋಡಿದ. ಆಮೇಲೆ ಕೈಮುಗಿದ. "ಕೇಳಿದೇನ್ಲಾ ಯರ್ರ? ದೊಡ್ಡೋರು ಹಿಂಗೇ, ನಂದೇನೂ ಇಲ್ಲ ಅಂತಾರೆ." ಮೂವತ್ತೈದು ವರ್ಷ ನನ್ನನ್ನು ಆಡಿಕೊಂಡು ನಕ್ಕ ಯರ್ರಪ್ಪ, "ನಮ್ಮ ಮನೆ ಹಿತ್ತಲಿಗೂ ಒಂದ್ಸಲ ಬರ್ಬೇಕ್ರಿ" ಎಂದ. ರೀ ಅಂತೆ! ಮೈಯೆಲ್ಲ ಉರಿಯಿತು.

ದೋಣಿಗೆ ಮರಳಿದಾಗ ಫೋನಿಗೆ ಸಿಗ್ನಲ್ ಬಂತು. ಚಿಕ್ಕೀರಪ್ಪ ಹೆಂಡತಿಗೆ ಹಚ್ಚಿದ. "ಲೇ, ಬೊಮ್ಮ ಸಮುದ್ರದಾಗೆ ಸಿಹಿನೀರು ತೆಗೆದವ್ನೆ! ನಾಳೇನೇ ಸರ ಮಾರು. ಮಲ್ಲಿಕ್ ಸಾಬ್ರಿಗೆ ಗಾಡಿ ತರಕ್ಕೆ ಹೇಳು."

ಫೋನು ಕಿತ್ತುಕೊಂಡೆ. "ಕೆಂಚಕ್ಕಾ, ಮಾರಬ್ಯಾಡ. ಆವತ್ತು ಕಾಯಿ ಎದ್ದಿರಲಿಲ್ಲ. ನಾನು..."

"ಹೆಬ್ಬೆಟ್ಟು ಒತ್ತಿದ್ರಿ" ಎಂದಳು. "ಪಕ್ಕದಾಗೇ ಇದ್ನಲ್ಲಣ್ಣಾ, ನೋಡ್ದೆ."

"ಮತ್ತೆ ಕೈಮುಗಿದೆಯಲ್ಲಮ್ಮಾ?"

"ಗೆಳೆಯನ ಮುಂದೆ ನಿಮ್ಮ ಮಾನ ಹೋಗ್ತಿತ್ತು. ನೀವೇ ಹೇಳ್ತೀರಾ ಅಂತ ಆವತ್ತಿನಿಂದ ಕಾಯ್ತಿದ್ದೆ. ಸರ ಕೊರಳಾಗೇ ಐತೆ. ಮಲ್ಲಿಕ್‌ಗೆ ಬರಬ್ಯಾಡ ಅಂತ ಅವತ್ತೇ ಹೇಳೀನಿ." ಹಾಗೇ ಸೇರಿಸಿದಳು, "ಆ ಕಾಯಿ ಬಿಸಾಕಬ್ಯಾಡ್ರಿ, ತಗಂಡು ಬರ್ರಿ. ಚಟ್ನಿಗಾಗ್ತೈತೆ."

"ಏನಂತಾಳೋ?" ಎಂದ ಚಿಕ್ಕೀರಪ್ಪ.

ಒಂದಕ್ಷರ ಬಿಡದೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಚಟ್ನಿಗಾ? ಅವಳಿಗೇನು ಗೊತ್ತು ಬಿಡು" ಎಂದು ಕಾಯಿಯನ್ನು ಟವೆಲಿನಲ್ಲಿ ಸುತ್ತಿ, ತನ್ನ ದಿಂಬಿನ ಪಕ್ಕ ಮಲಗಿಸಿದ.