ಒಣ ರಸ್ತೆಯ ಟೈರು

ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾನೆ, ಹಣ್ಣು ಮಾಗಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ, ರಬ್ಬರು ಬೆರಳಿಗೆ ಅಂಟಿ ಬಿಡುತ್ತದೆ, ಮತ್ತೆ ಅಂಟುತ್ತದೆ, ಆ ಅಂಟಿಗೇ ಮರುಳಾದವನು, ಒಂಬತ್ತು ವರ್ಷದ ಹಿಂದೆ ಅಪ್ಪನ ಅಂಗಡಿಯಲ್ಲೂ ಹೀಗೇ ಒತ್ತಿದ್ದನಂತೆ — ಅವನೇ, ಅನುಮಾನವೇ ಇಲ್ಲ, ಬೆರಳಲ್ಲಿ ಕಾರಿನ ಕೀಲಿ ತಿರುಗಿಸುವ ರೀತಿ, ಎಡಗಾಲನ್ನು ಸ್ವಲ್ಪ ಎಳೆದು ಇಡುವ ನಡಿಗೆ, ಆ ಕಾಲು ಮುರಿದದ್ದು ಅದೇ ತಿರುವಿನಲ್ಲಿ, ಮುರಿಯಬೇಕಾದದ್ದು ಕತ್ತು, ಛೆ, ಕೌಂಟರಿನಲ್ಲಿ ನಿಂತು ಹೀಗೆಲ್ಲ ಯೋಚಿಸಬಾರದು, ಮುಖದಲ್ಲಿ ನಗು ಇರಬೇಕು, ನಗು ಇದೆ. ನಮಸ್ಕಾರ ಸರ್, ಹೇಳಿ, ಎಂದಳು. ಅವನು ಅವಳ ಮುಖ ನೋಡಲೂ ಇಲ್ಲ, ಟೈರನ್ನೇ ನೋಡುತ್ತ ಮಾತಾಡಿದ, ಹೊರಗೆ ನಿಂತಿದೆಯಲ್ಲ ಕೆಂಪು ಗಾಡಿ, ಅದಕ್ಕೆ ಇರೋದರಲ್ಲೇ ಖಡಕ್ ಟೈರ್ ಬೇಕು ಎಂದ. ಟೈರು ವ್ಯಾಪಾರಿಗಳ ಅಸೋಸಿಯೇಷನ್ನಿನ ವಿಚಾರಣೆಯ ಕೋಣೆಯಲ್ಲೂ ನೋಡಿರಲಿಲ್ಲ, ಹಿಂದಿನ ಬೆಂಚಿನಲ್ಲಿ ಕಾಲೇಜಿನ ಬ್ಯಾಗು ಮಡಿಲಲ್ಲಿಟ್ಟುಕೊಂಡು ಅವಳು ಅವನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದಳು, ಇಸ್ತ್ರಿ ಮಾಡಿದ ಕಾಲರು, ಅವನು ಎದ್ದು ನಿಂತು ಸಲೀಸಾಗಿ ಹೇಳಿದ, ನಾನು ಬೇಡ ಅಂದೆ ಸಾರ್, ಈ ಮನುಷ್ಯನೇ ನನ್ನ ತಲೆಗೆ ಕಟ್ಟಿದ. ಈ ಮನುಷ್ಯ ಎಂದರೆ ಅಪ್ಪ. ಮೂವತ್ತೊಂದು ವರ್ಷ ಟೈರು ಮಾರಿದವನು, ಗಿರಾಕಿಯ ಮಾತೇ ಮಾತು ಎಂದು ನಂಬಿ ಒಂದು ಚೀಟಿಯನ್ನೂ ಬರೆಸಿಕೊಳ್ಳದವನು. ಇದು ರೇಸಿನ ಟೈರು, ಒಣ ರಸ್ತೆಗೆ ಮಾತ್ರ, ಇದಕ್ಕೆ ನೀರು ಕಂಡರಾಗದು, ದಿನಾ ಓಡಾಡುವ ಗಾಡಿಗೆ ಬೇಡ ಎಂದು ಗಂಟಲು ಹರಿದುಕೊಂಡು ಹೇಳಿದ್ದನಂತೆ, ಇವನು ಹಟ ಹಿಡಿದು ಹಾಕಿಸಿಕೊಂಡು ಹೋದ, ಮೊದಲ ಮಳೆಗೇ ಗಾಡಿ ತಿರುವಿನಲ್ಲಿ ಜಾರಿ ಗೋಡೆಗೆ ಹೊಡೆಯಿತು, ಪಕ್ಕದಲ್ಲಿ ಕೂತಿದ್ದ ಸ್ನೇಹಿತನ ಒಂದು ಕಣ್ಣು ಹೋಯಿತು. ಕಣ್ಣಿಗೆ ಯಾರಾದರೂ ಹೊಣೆ ಆಗಬೇಕಿತ್ತು, ಅಪ್ಪ ಆದ. ಲೈಸೆನ್ಸ್ ಹೋಯಿತು, ಬೋರ್ಡು ಇಳಿಯಿತು.

ಈಗ ಅಪ್ಪ ಅವಳ ಮನೆಯ ಕಿಟಕಿಯ ಬಳಿ ಕೂರುತ್ತಾನೆ, ಕೆಳಗೆ ಯಾರಾದರೂ ಗಾಡಿ ಸ್ಟಾರ್ಟ್ ಮಾಡಿದರೆ ಎದ್ದು ಒಳಗೆ ಹೋಗುತ್ತಾನೆ, ಸಂಜೆ ಐದಾದರೆ ಸೋಪಿನ ಪುಡಿ ಹಾಕಿ ಉಗುರು ಉಜ್ಜಿಕೊಳ್ಳುತ್ತಾನೆ, ಒಂಬತ್ತು ವರ್ಷದಿಂದ ಒಂದು ಚುಕ್ಕೆ ಕಪ್ಪು ತಾಗದ ಉಗುರು, ಸಾಕು ಬಿಡಪ್ಪ ಎಂದರೆ ಹೋಗ್ತಾ ಇಲ್ಲ ಕಣೇ ಎನ್ನುತ್ತಾನೆ, ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ — ಇವನು ಏನೋ ಕೇಳುತ್ತಿದ್ದಾನೆ. ಅಳತೆ. ಇನ್ನೂರ ಅರವತ್ತೈದು, ಮೂವತ್ತೈದು, ಹತ್ತೊಂಬತ್ತು, ಎಂದಳು, ಗಾಡಿ ಬಾಗಿಲಿಗೆ ಬಂದಾಗಲೇ ಕಣ್ಣು ಓದಿಬಿಟ್ಟಿತ್ತು, ನಾಲ್ಕಕ್ಕೂ ಅದೇ, ಎಷ್ಟು ವೇಗ ತಡೆಯುತ್ತದೆ ಎಂದು ಟೈರಿನ ಮೇಲೆ ಒತ್ತಿರುವ ಅಕ್ಷರ ಎಲ್ಲಕ್ಕಿಂತ ಮೇಲಿನದೇ ಇರಲಿ, ಇಂಥ ಗಾಡಿಗೆ ಎರಡು ದಾರಿ ಇವೆ ಸರ್. ಒಂದು ಈ ಮೇಲಿನ ಸಾಲಿನದು, ಬೀದಿಗೆಂದೇ ಮಾಡಿದ್ದು, ನಾಲ್ಕು ಆಳದ ಗೀರು, ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ತಣ್ಣಗಿದ್ದಾಗಲೂ ಹಿಡಿಯುತ್ತದೆ, ಬ್ರೇಕ್ ಒತ್ತಿದ ಕಡೆ ನಿಲ್ಲುತ್ತದೆ. ಇನ್ನೊಂದು ನಿಮ್ಮ ಕೈಯಲ್ಲಿರೋದು. ಬೋಳು ತಲೆಯ ಹಾಗೆ ನುಣ್ಣಗಿನದು, ಗೀರು ಇದೆಯೆಂದು ಹೇಳುವುದಕ್ಕಷ್ಟೇ ಇದೆ, ಬಿಸಿಯಾದರೆ ರಸ್ತೆಯನ್ನು ಕಚ್ಚುತ್ತದೆ, ಸಿಗ್ನಲ್ಲಿಗೊಮ್ಮೆ ನಿಲ್ಲುವ ಬೀದಿಯಲ್ಲಿ ಬಿಸಿಯಾಗುವುದೇ ಇಲ್ಲ. ಗೋದಾಮಿನ ಮೂಲೆಯಲ್ಲಿ ಇದೇ ಅಳತೆಯ ಹಳೇ ನಾಲ್ಕು ಬಿದ್ದಿವೆ, ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿ, ಆರು ವರ್ಷ ಕಳೆದ ಅಂಕಿ, ರಬ್ಬರು ಮರದ ಹಾಗೆ ಗಟ್ಟಿ, ಅಂಕಿಯ ಬದಿ ಒಳಗೆ ಹೋಗುವ ಹಾಗೆ ಕೂರಿಸಿಬಿಟ್ಟರೆ ಯಾವ ಅಪ್ಪನಿಗೂ ಗೊತ್ತಾಗುವುದಿಲ್ಲ, ಒರೆಸಿ ಪಾಲಿಶ್ ಹೊಡೆದರೆ ಹೊಚ್ಚ ಹೊಸದು, ಒಂದೇ ಮಳೆ ಸಾಕು, ಈ ಸಲ ಕಾಲಲ್ಲ. ಯೋಚಿಸುವುದೇ ಸುಖವಾಗಿತ್ತು, ಆ ಸುಖಕ್ಕೆ ಅವಳೇ ಬೆಚ್ಚಿದಳು. ತಿರುವಿನಲ್ಲಿ ಗೋಡೆಯೇ ಇರಬೇಕೆಂದೇನು, ಸೈಕಲ್ಲಿನವನು ಇರಬಹುದು, ಪಕ್ಕದ ಸೀಟಿನಲ್ಲಿ ಇನ್ನೊಬ್ಬನ ಕಣ್ಣು ಇರಬಹುದು. ಅದೂ ಅಲ್ಲದೆ ಇವನು ಸತ್ತರೆ ಏನು ಬಂತು, ಫೋಟೋಗೆ ಹಾರ ಹಾಕಿಸಿಕೊಂಡು ಒಳ್ಳೆಯವನಾಗಿಬಿಡುತ್ತಾನೆ, ಅಪ್ಪನ ಉಗುರು ಮಾತ್ರ ಹಾಗೇ ಉಳಿಯುತ್ತದೆ. ಬದುಕಿರಬೇಕು ಇವನು, ನೂರು ವರ್ಷ ಬದುಕಿರಲಿ, ಕೈ ನೆಟ್ಟಗಿರಲಿ, ಆ ಕೈಯಿಂದಲೇ ಬರೆಯಲಿ.

ಫಾರಂ ಇದೆಯಲ್ಲ. ಕೌಂಟರಿನ ಎರಡನೆಯ ಡ್ರಾಯರಿನಲ್ಲಿ, ಅವಳೇ ಮಾಡಿದ್ದು, ಇಲ್ಲಿಗೆ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ, ಅಂಗಡಿಯ ಯಜಮಾನರು ನಕ್ಕಿದ್ದರು, ಇದೇನಮ್ಮ ಟೈರಿಗೋ ಆಪರೇಷನ್ನಿಗೋ ಎಂದು, ಇರಲಿ ಸರ್ ನಮಗೇ ಒಳ್ಳೇದು ಎಂದಿದ್ದಳು. ನಮ್ಮ ಸಲಹೆ ಮೀರಿ ರೇಸಿನ ಟೈರು ಕೇಳುವವರು ಸ್ವಂತ ಕೈಯಿಂದ ತುಂಬಬೇಕು, ಹಿಂದೆ ಇಂಥದ್ದು ಹಾಕಿಸಿದ್ದೀರಾ, ಹಾಕಿದವರು ಯಾರು, ಏನು ಹೇಳಿದ್ದರು, ಏನಾಯಿತು. ನಾಲ್ಕು ವರ್ಷದಲ್ಲಿ ಹದಿನೇಳು ಜನ ತುಂಬಿದ್ದಾರೆ, ಇವನೇ ಇರಬಹುದೆಂದು ಪ್ರತಿಯೊಬ್ಬರ ಕತ್ತಿನ ಹಿಂಭಾಗವನ್ನೂ ಅವಳು ನೋಡಿದ್ದಾಳೆ. ಆದರೆ ಸಲಹೆ ಒಪ್ಪಿದವನಿಗೆ ಫಾರಂ ಇಲ್ಲ, ಇವನು ಎಲ್ಲಿ ಒಪ್ಪಿಬಿಡುತ್ತಾನೋ, ವಯಸ್ಸಾಗಿದೆ, ಬುದ್ಧಿ ಬಂದಿದ್ದರೆ, ನೋಡು, ಮೇಲಿನ ಸಾಲಿನ ಟೈರಿನ ಗೀರಿನ ಮೇಲೆ ಬೆರಳಾಡಿಸುತ್ತಿದ್ದಾನೆ, ಇದೂ ಪರವಾಗಿಲ್ಲ ಅಲ್ವಾ ಎನ್ನುತ್ತಿದ್ದಾನೆ, ಬೇಡ, ಒಳ್ಳೆಯವನಾಗಬೇಡ, ಇವತ್ತೊಂದು ದಿನ ಬೇಡ. ನಿಮಗೆ ಅದೇ ಸರಿ ಸರ್, ಎಂದಳು, ಧ್ವನಿಗೆ ಜೇನು ಸವರಿ, ರೇಸಿನದು ಎಲ್ಲರ ಕೈಗೂ ಬಗ್ಗಲ್ಲ, ಆರಾಮಾಗಿ ಓಡಿಸೋರಿಗೆ ಇದೇ ಕೊಡ್ತೀವಿ. ಕೀಲಿ ತಿರುಗುವುದು ನಿಂತಿತು. ಗಾಳ ನುಂಗಿದ. ನಾನು ಆರಾಮಾಗಿ ಓಡಿಸೋನು ಅಂತ ಯಾರಮ್ಮ ಹೇಳಿದ್ದು ನಿನಗೆ, ಈ ಟೈರನ್ನ ನೀನು ಹುಟ್ಟೋ ಮುಂಚೆ ಓಡಿಸಿದ್ದೀನಿ, ಎಂದ, ಸುಳ್ಳ, ಒಂಬತ್ತು ವರ್ಷದ ಹಿಂದೆ, ನಾನು ಹುಟ್ಟಿಯಾಗಿತ್ತು, ಹಿಂದಿನ ಬೆಂಚಿನಲ್ಲಿದ್ದೆ. ಅನುಭವ ಇದ್ದರೆ ಸರಿ ಸರ್, ಆದರೆ ಹಾಕಿದವರು ಮಳೆಯ ವಿಷಯ ತಿಳಿಸಿ ಹೇಳಿರಬೇಕು, ಇಲ್ಲದಿದ್ದರೆ ನಾವು ಅದನ್ನ ಅನುಭವ ಅಂತ ಹಿಡಿಯಲ್ಲ. ಅವನು ನಕ್ಕ, ತಲೆ ಹಿಂದಕ್ಕೆ ಹಾಕಿ ನಕ್ಕ. ಹೇಳದೆ ಏನಮ್ಮ, ಅಲ್ಲೊಬ್ಬ ಮುದುಕ ಇದ್ದ, ಬೇಡ ಬೇಡ ಅಂತ ಬಾಯಿ ಬಡ್ಕೊಂಡ, ನಾನೇ ಕೇಳಲಿಲ್ಲ.

ನಾನೇ ಕೇಳಲಿಲ್ಲ. ಎಷ್ಟು ಹಗುರವಾಗಿ, ಬಟ್ಟೆಯ ಮೇಲಿನ ಧೂಳು ಕೊಡವಿದ ಹಾಗೆ, ಒಂಬತ್ತು ವರ್ಷ ಒಂದು ಮನೆಯಲ್ಲಿ ಮೂರು ಜನ ಯಾವ ಒಂದು ವಾಕ್ಯಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದರೋ ಅದನ್ನು ಇವನು ಟೈರ್ ಅಂಗಡಿಯ ಹುಡುಗಿಗೆ ಬಿಟ್ಟಿ ಕೊಟ್ಟುಬಿಟ್ಟ, ಕೆನ್ನೆಗೆ ಬಾರಿಸಬೇಕು, ಬೇಡ, ಡ್ರಾಯರು ಎಳಿ, ಫಾರಂ, ಪೆನ್ನು. ಅದನ್ನೇ ಬರೆದುಬಿಡಿ ಸರ್, ಹೇಳಿದ ಹಾಗೇ. ಬರೆಸಿಕೊಂಡ ಮೇಲೆ ತೋರಿಸಲು ಇಟ್ಟ ಇದೊಂದು ಬಿಟ್ಟರೆ ಸ್ಟಾಕ್ ಇಲ್ಲ ಅಂದರಾಯಿತು, ಆ ಹಳೇ ನಾಲ್ಕನ್ನು ಇವತ್ತೇ ಕತ್ತರಿಸಿ ಹಾಕಿಸುತ್ತೇನೆ, ಬೀದಿಯ ಟೈರು ಹಾಕಿಸಿಕೊಂಡಾದರೂ ಹೋಗಲಿ, ಹಾಗೇ ಆದರೂ ಹೋಗಲಿ, ಕಾಗದ ಒಂದು ಕೈಗೆ ಬರಲಿ, ಅಸೋಸಿಯೇಷನ್ನಿನ ಆಫೀಸಿನ ಮೇಜಿನ ಮೇಲೆ ಬಡಿಯುತ್ತೇನೆ, ಪ್ರತಿ ಮಾಡಿಸಿ ಅಪ್ಪನ ಅಂಗಡಿಯಿದ್ದ ಬೀದಿಯ ಒಂದೊಂದು ಅಂಗಡಿಗೂ ಅಂಟಿಸುತ್ತೇನೆ, ಆ ಒಕ್ಕಣ್ಣಿನ ಸ್ನೇಹಿತನ ಬಾಗಿಲಿಗೂ, ಇವನ ಹೆಂಡತಿ ಮಕ್ಕಳು ಓದಲಿ. ಅವನು ಬರೆಯುತ್ತಿದ್ದಾನೆ. ಕತ್ತು ಬಗ್ಗಿಸಿ, ಇಸ್ತ್ರಿ ಮಾಡಿದ ಕಾಲರು, ದುಂಡನೆಯ ಅಕ್ಷರ. ಹಾಕಿದವರು ಬೇಡ ಎಂದು ಸ್ಪಷ್ಟವಾಗಿ ಹೇಳಿದ್ದರು, ನಾನೇ ಒತ್ತಾಯದಿಂದ ಹಾಕಿಸಿಕೊಂಡೆ. ಸಹಿ ಹಾಕಿದ, ತಾರೀಖು ಹಾಕಿದ. ಎಲ್ಲ ಮುಗಿದು ಹಾಕಿದವರು ಯಾರು ಎಂಬ ಒಂದು ಮನೆ ಮಾತ್ರ ಖಾಲಿ. ಅಲ್ಲಿ ಪೆನ್ನಿಟ್ಟು ಹಣೆ ಗಂಟಿಕ್ಕಿದ, ಕೀಲಿಯಿಂದ ಕಿವಿಯ ಹಿಂದೆ ಕೆರೆದುಕೊಂಡ, ಆ ಮುದುಕನ ಹೆಸರು ಏನೋ ಇತ್ತಮ್ಮ, ಮರೆತೇ ಹೋಯ್ತು, ಖಾಲಿ ಬಿಡ್ಲಾ?

ಮರೆತಿದ್ದಾನೆ. ನಾಟಕ ಅಲ್ಲ, ನಿಜವಾಗಿಯೂ ಮರೆತಿದ್ದಾನೆ. ಸೇಡು ಕೂಡ ಇವನಿಗೆ ದೊಡ್ಡ ಮರ್ಯಾದೆ ಆಯಿತು. ಹೆಸರಿಲ್ಲದ ಕಾಗದ ಯಾವ ಕೆಲಸಕ್ಕೆ, ಯಾವನೋ ಮುದುಕ, ಯಾವುದೋ ಅಂಗಡಿ, ಮೂಗು ಒರೆಸುವುದಕ್ಕೂ ಬಾರದು, ಹೆಸರು ಹೇಳಿದರೆ ನಾನು ಯಾರೆಂದು ಇವನಿಗೆ ತಿಳಿದುಬಿಡುತ್ತದೆ, ಕಾಗದ ಇನ್ನೂ ಇವನ ಅಂಗೈ ಕೆಳಗಿದೆ, ಹರಿದು ಜೇಬಿಗೆ ತುರುಕಲು ಎರಡು ಕ್ಷಣ ಸಾಕು, ಹೇಳದಿದ್ದರೆ ಖಾಲಿ, ಹೇಳಿದರೆ ಚೂರು, ಖಾಲಿ, ಚೂರು — ಇಲ್ಲ, ಖಾಲಿ ಬಿಡುವ ಹಾಗಿಲ್ಲ ಸರ್, ಎಂದಳು, ನಾನು ಹೇಳ್ತೀನಿ, ಬರ್ಕೊಳ್ಳಿ. ಹೇಳಿದಳು. ಅಪ್ಪನ ಹೆಸರನ್ನು ಪೂರ್ತಿಯಾಗಿ, ಬೋರ್ಡಿನ ಮೇಲೆ ಇದ್ದ ಹಾಗೇ, ಗಟ್ಟಿಯಾಗಿ, ಹಿಂದೆ ಗಾಳಿ ತುಂಬುತ್ತಿದ್ದ ಫಿಟ್ಟರು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಅವನ ಕೈ ತನ್ನ ಪಾಡಿಗೆ ಬರೆಯಿತು, ನಾಲ್ಕಕ್ಷರದ ಹೆಸರು, ಮೊದಲನೆಯ ಅಕ್ಷರ, ಎರಡನೆಯ ಅಕ್ಷರ, ಮೂರನೆಯದಕ್ಕೆ ಪೆನ್ನಿನ ತುದಿ ಕಾಗದಕ್ಕೆ ತಾಗಿ ನಿಂತಿತು. ತಲೆ ಎತ್ತಲಿಲ್ಲ. ಕತ್ತಿನ ಮೇಲೆ ಕಾಲರಿನ ಗೆರೆಯವರೆಗೆ ಕೆಂಪು ಏರಿತು. ಪೆನ್ನಿನ ತುದಿ ಅಲ್ಲೇ ಇದೆ, ಕಾಗದದ ಇನ್ನೊಂದು ಅಂಚು ಅವಳ ಬೆರಳಿನಡಿ ಇದೆ, ಯಾವಾಗ ಒತ್ತಿ ಹಿಡಿದಳೋ ತಿಳಿಯದು, ಇಬ್ಬರೂ ಎಳೆಯುತ್ತಿಲ್ಲ, ಇಬ್ಬರೂ ಬಿಡುತ್ತಿಲ್ಲ, ಪೆನ್ನಿನ ತುದಿಯ ಕೆಳಗೆ ಶಾಯಿ ಒಂದು ಚುಕ್ಕೆಯಾಗಿ ಇಳಿಯುತ್ತಿದೆ, ಇನ್ನೆರಡು ಅಕ್ಷರ, ಬರೀರಿ ಸರ್, ಇನ್ನೆರಡೇ ಅಕ್ಷರ, ಚುಕ್ಕೆ ಅಗಲವಾಗುತ್ತಿದೆ, ಪೆನ್ನಿನ ತುದಿ, ಚುಕ್ಕೆ, ಪೆನ್ನಿನ ತುದಿ