ಪಟ್ಟಿ ಮೇಲೆ ಬರಿ

ಬಲಗೈ ಹೆಬ್ಬೆರಳಿಗೆ ಸದಾ ಮಸಿ ಮೆತ್ತಿಕೊಂಡಿರುತ್ತಿದ್ದ ಆ ಹೆಂಗಸು ಹತ್ತು ಜನರ ಎದುರಿಗೆ ನನ್ನ ಕೈಯಿಂದ ಸಲೈನ್ ಚೀಲ ಕಿತ್ತುಕೊಂಡು ಸಿಂಕಿಗೆ ಸುರಿದದ್ದನ್ನು ನಾನು ಇನ್ನೂ ಮರೆತಿಲ್ಲ, ಅಂದು ಕ್ಷಮಿಸಿರಲೂ ಇಲ್ಲ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು ನಾನು. ಆಸ್ಪತ್ರೆಯ ಉಗ್ರಾಣದಲ್ಲಿ ಒರೆಸುವ, ಹೊರುವ ಹಂಗಾಮಿ ಕೆಲಸ ನನ್ನದು. ಅಂದು ಚೀಲದ ಮೇಲೆ ತಾರೀಖನ್ನು ಕಷ್ಟಪಟ್ಟು ಗುಂಡಗೆ ಬರೆದಿದ್ದೆ.

“ಚೀಲದ ಮೈಮೇಲೆ ಯಾರಾದ್ರೂ ಮಾರ್ಕರ್‌ನಲ್ಲಿ ಬರೀತಾರೇನಪ್ಪಾ? ಪ್ಲಾಸ್ಟಿಕ್ ಮೆತ್ತಗಿದೆ, ಮಸಿ ಒಳಗಿಳಿದ್ರೆ ಯಾರ ರಕ್ತಕ್ಕೆ ಹೋಗುತ್ತೆ? ಪಟ್ಟಿ ಮೇಲೆ ಬರಿ, ಆಮೇಲೆ ಅಂಟಿಸು,” ಎಂದರು. ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಅಕ್ಷರಕ್ಕೇ ನಕ್ಕರೆಂದುಕೊಂಡೆ. ಮೈಯೆಲ್ಲ ಉರಿಯಿತು.

ಅವರು ಉಗ್ರಾಣದ ಹಿರಿಯ ನರ್ಸು. ಎಲ್ಲರ ಬಾಯಲ್ಲಿ ಮಸಿಯಕ್ಕ. ಬಿಳಿ ಕೋಟಿನ ಜೇಬಿನಡಿ ಎಂಥ ಸೋಪಿಗೂ ಜಗ್ಗದ ಕಪ್ಪು ಕಲೆ, ಕೊರಳಿನ ದಾರದಲ್ಲಿ ಅಳಿಯದ ಮಸಿಯ ಮಾರ್ಕರು. ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು. ಮುಚ್ಚಳವನ್ನು ಟಕ್ಕೆನ್ನುವವರೆಗೆ ಒತ್ತಿ, ನಂಬಿಕೆ ಸಾಲದೆ ಇನ್ನೊಮ್ಮೆ ಒತ್ತುತ್ತಿದ್ದರು. ಗೋಡೆಯ ಪಕ್ಕದಲ್ಲೇ ನಡೆಯುತ್ತಾ, ಕಪಾಟುಗಳ ಮೇಲೆ ಬೆರಳಾಡಿಸುತ್ತಾ ಹೋಗಿ, ಬಾಗಿಲು ದಾಟಿದ ಮೇಲೂ ಏನನ್ನೋ ನೆನೆದು ತಿರುಗಿ ಬರುತ್ತಿದ್ದ ಅವರ ಮುಖದಲ್ಲಿ, ಒಲೆಯ ಮೇಲೆ ಹಾಲಿಟ್ಟು ಬಂದವರ ತಳಮಳ ಶಾಶ್ವತವಾಗಿ ನೆಲೆಸಿತ್ತು. “ಯಜಮಾನ್ರ ಬೆನ್ನ ಮೇಲೂ ತಾರೀಖು ಬರ್ದಿದೀರಾ ಅಕ್ಕಾ?” ಎಂದು ವಾರ್ಡಿನ ನರ್ಸುಗಳು ಕೆಣಕಿದರೆ, “ಅವರ ವಾಯಿದೆ ಯಾವತ್ತೋ ಮುಗ್ದಿದೆ, ಬಿಡ್ರೇ,” ಎನ್ನುತ್ತಿದ್ದರು, ನಗದೆ.

ಚೀಲದ ಪ್ರಸಂಗ ನಡೆದು ವಾರ ಕಳೆದಿರಲಿಲ್ಲ. ಗಂಟಲಿನ ಕಫ ಎಳೆಯುವ ಎರಡು ಯಂತ್ರಗಳು, ಅವಳಿಗಳಂಥವು, ಒರೆಸಲು ಬಂದಿದ್ದವು. ಒಂದರಲ್ಲಿ ಎಳೆತವೇ ಇಲ್ಲವೆಂದು ಕಂಡ ಮಸಿಯಕ್ಕ, ಅಂಟುಪಟ್ಟಿ ಮುಗಿದಿದ್ದರಿಂದ, ಅದರ ಮೈಮೇಲೆಯೇ ‘ಕೆಟ್ಟಿದೆ’ ಎಂದು ಬರೆದರು. “ಪಟ್ಟಿ ತರ್ತೀನಿ. ಅಲ್ಲೀತನಕ ಇದನ್ನ ಮುಟ್ಟಬೇಡ,” ಎಂದು ಹೋದರು.

ನನಗೊಂದು ನ್ಯಾಯ, ಇವರಿಗೊಂದು ನ್ಯಾಯವೇ? ಸ್ಪಿರಿಟ್ಟಿನ ಬಟ್ಟೆಯಿಂದ ಎರಡನ್ನೂ ತಿಕ್ಕಿದೆ. ಅಳಿಯದ ಮಸಿಯೆಂಬುದು ಹೆಸರಿಗಷ್ಟೇ. ಸ್ಪಿರಿಟ್ಟು ತಾಗಿದ್ದೇ ತಡ ಕರಗಿ ಹೋಯಿತು. ಬಕೆಟ್ಟಿನ ನೀರು ಚೆಲ್ಲಿ ಬರುವಷ್ಟರಲ್ಲಿ ವಾರ್ಡಿನವರು ಒಂದು ಯಂತ್ರವನ್ನು ತಳ್ಳಿಕೊಂಡು ಹೋಗಿದ್ದರು. ಯಾವುದನ್ನು? ಉಳಿದದ್ದರ ಗುಂಡಿ ಒತ್ತಿ ಕೊಳವೆಯ ಬಾಯಿಗೆ ಬೆರಳಿಟ್ಟೆ. ಎಳೆಯಿತು. ಕೆಟ್ಟದ್ದೇ ವಾರ್ಡಿಗೆ ಹೋಗಿತ್ತು.

ಪಟ್ಟಿ ಹಿಡಿದು ಬಂದ ಮಸಿಯಕ್ಕ ಖಾಲಿ ಜಾಗ ನೋಡಿದರು, ನನ್ನ ಕೈಯ ಕಪ್ಪಾದ ಬಟ್ಟೆ ನೋಡಿದರು. ಕಾಲಿನಿಂದ ಒತ್ತಿ ಕಫ ಎಳೆಯುವ ಹಳೆಯ ಪಂಪನ್ನೆತ್ತಿಕೊಂಡು, ಗೋಡೆಯ ಆಸರೆ ಬಿಟ್ಟು, ನಡುದಾರಿಯಲ್ಲಿ ಓಡಿದರು. ಹಿಂದೆ ನಾನು. ವಾರ್ಡಿನ ಮಂಚದಲ್ಲಿದ್ದ ಲಾರಿ ಚಾಲಕನ ತುಟಿ ನೀಲಿಗಟ್ಟಿತ್ತು. ಅವನ ಹೆಂಡತಿ ಕಂಬಿ ಹಿಡಿದು ನಿಂತಿದ್ದಳು. ಮಸಿಯಕ್ಕನ ಕಾಲು ಪಂಪಿನ ಮೇಲೆ ಏರಿತು, ಇಳಿಯಿತು, ಏರಿತು. ಎಷ್ಟು ಹೊತ್ತೋ. ಕಡೆಗೆ ಆ ತುಟಿಗೆ ಬಣ್ಣ ಮರಳಿತು.

ಹತ್ತು ಜನ ಸೇರಿದ್ದ ವಿಚಾರಣೆಯಲ್ಲಿ ಮೇಲಧಿಕಾರಿ “ಯಾರು ಅಳಿಸಿದ್ದು?” ಎಂದು ಕೇಳಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಹಂಗಾಮಿಯವನನ್ನು ಮನೆಗೆ ಕಳಿಸಲು ಒಂದು ಚೀಟಿ ಸಾಕು. ಮಸಿಯಕ್ಕನೇ ಬಾಯಿಬಿಟ್ಟರು: “ಮೈಮೇಲೆ ಬರೆದವಳು ನಾನು, ಸಾರ್. ಒರೆಸಿದ್ರೆ ಹೋಗುತ್ತೆ ಅಂತ ಗೊತ್ತಿದ್ದೂ ಬರೆದೆ.” ಉಗ್ರಾಣದ ಕೀಲಿ ಅವರ ಕೈತಪ್ಪಿತು. ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಅಲ್ಲಿಯೂ ಚಾದರಗಳ ಮೂಲೆಗೆ ವಾರ್ಡಿನ ಹೆಸರು ಬರೆದು, ಗಟ್ಟಿಯಾಗಿ ಓದುತ್ತಿದ್ದರಂತೆ.

ಇಂಥವರ ಭಯವನ್ನು ನಾವು ಗೀಳೆಂದು ಆಡಿಕೊಳ್ಳುತ್ತೇವೆ. ಮುಖ ಪರಿಚಯವೂ ಇಲ್ಲದವರ ಉಸಿರಿಗಾಗಿ ದಿನವಿಡೀ ಹೆದರುತ್ತಾ ಬದುಕುವ ಜೀವಗಳವು. ಅವರು ಹಾಗೆ ಹೆದರುವುದರಿಂದಲೇ ಉಳಿದವರು ನಿಶ್ಚಿಂತೆಯಿಂದ ಮಲಗುತ್ತಾರೆ.

ನಿವೃತ್ತರಾದ ದಿನ ಅವರ ಗಂಟನ್ನು ನಾನೇ ಗೇಟಿನವರೆಗೆ ಹೊತ್ತು ಹೋದೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ. “ಪಟ್ಟಿ ಮೇಲೇ ಬರೀತಿದೀಯ ತಾನೆ?” ಎಂದರು. ಹ್ಞೂಂ ಎಂದೆ. ಹತ್ತು ಜನರ ಎದುರಿಗೆ ನಾನು ಆಡಬೇಕಿದ್ದ ಮಾತು ಇಂದಿಗೂ ಬಾಕಿ.