ಉಪ್ಪಿಲ್ಲದ ಗಂಜಿ

ಪಾಮನಕಲ್ಲೂರಿನ ಹಂಪಣ್ಣ ದೊಡ್ಡ ಸಾಹುಕಾರ. ಹಾಗೆಂದು ಊರು ಹೇಳುತ್ತಿತ್ತು. ಊರಿಗಿಂತ ಹೆಚ್ಚು ಸಲ ಅವನೇ ಹೇಳಿಕೊಳ್ಳುತ್ತಿದ್ದ. ನಾಲ್ಕು ಜೋಡಿ ಎತ್ತು, ಕಣ್ಣು ಹಾಯುವಷ್ಟು ಎರೆಹೊಲ, ನಿಜಾಮರ ಕಚೇರಿಯಲ್ಲಿ ಕೂಡ್ರಲು ಕುರ್ಚಿ, ತಿಂಗಳಿಗೊಮ್ಮೆ ಮನೆಯಲ್ಲಿ ಅಯ್ಯನವರ ಪಾದಪೂಜೆ. ದೊಡ್ಡವನೆನಿಸಿಕೊಳ್ಳಲು ಆ ಸೀಮೆಯಲ್ಲಿ ಇಷ್ಟು ಸಾಕಿತ್ತು. ಬುದ್ಧಿಯನ್ನು ಯಾರೂ ಕೇಳುತ್ತಿರಲಿಲ್ಲ.

ಅಂಥದೊಂದು ಪಾದಪೂಜೆಯ ದಿನ ಅವನ ಎಂಟು ವರ್ಷದ ಮಗಳು ಬಸವಣ್ಣೆಮ್ಮನ ಮೇಲೆ ಹೋಳಿಗೆಯ ಬೇಳೆ ಕುದಿಯುತ್ತಿದ್ದ ಹಂಡೆ ಉರುಳಿತು. ಕುತ್ತಿಗೆ, ಬಲಗೈ, ಬೆನ್ನು ಬೆಂದವು. ತಾಯಿ ಕಲ್ಯಾಣಮ್ಮ ತಣ್ಣೀರು ಸುರಿದು ಮಗುವನ್ನು ಬಾಳೆ ಎಲೆಯ ಮೇಲೆ ಮಲಗಿಸಿದಳು. ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ ಮಠದ ಅಯ್ಯ ಕರಿಬಸಯ್ಯನವರು ಚೀರಾಟ ಕೇಳಿಯೂ ಎಲೆ ಬಿಟ್ಟು ಏಳಲಿಲ್ಲ. ಅರ್ಧಕ್ಕೆ ಎದ್ದರೆ ಮನೆತನಕ್ಕೆ ಒಳ್ಳೆಯದಲ್ಲವಂತೆ. ಉಂಡು, ಕೈ ತೊಳೆದು, ಒಳಗೆ ಬಂದು ವಿಭೂತಿ ಊದಿದರು. ಆಮೇಲೆ ಪಥ್ಯ ಹೇಳಿದರು.

"ನಲವತ್ತು ದಿನ ಬರೇ ಅಕ್ಕಿ ಗಂಜಿ. ಉಪ್ಪು ಹಾಕಬ್ಯಾಡ್ರಿ. ಬ್ಯಾಳಿ ತಿಂದ್ರ ಕೀವು, ಹಾಲು ಕುಡುದ್ರ ಕೀವು. ಬೆಲ್ಲ, ತುಪ್ಪ ಮನಸಿನ್ಯಾಗೂ ನೆನೆಸಬ್ಯಾಡ್ರಿ."

ಹೇಳುವಾಗ ಅವರ ತುಟಿಯ ಮೂಲೆಯಲ್ಲಿ ತುಪ್ಪ ಹೊಳೆಯುತ್ತಿತ್ತು.

ಹದಿನೆಂಟು ದಿನ ಹಾಗೇ ನಡೆಯಿತು. ಹಿತ್ತಿಲಲ್ಲಿ ಮೂರು ಎಮ್ಮೆ ಹಾಲು ಕೊಡುತ್ತಿದ್ದವು, ಅಟ್ಟದ ಮೇಲೆ ಬೆಲ್ಲದ ಪೆಂಟಿಗಳಿದ್ದವು, ಬಣಿವೆಯಷ್ಟು ಶೇಂಗಾ ಇತ್ತು. ಆ ಮನೆಯ ಮಗಳು ಮಾತ್ರ ಉಪ್ಪಿಲ್ಲದ ಗಂಜಿ ಕುಡಿದು ಕುಡಿದು ಎಲುಬಾದಳು. ದವಾಖಾನೆಗೆ ಒಯ್ಯೋಣವೆಂದು ಕಲ್ಯಾಣಮ್ಮ ದಿನವೂ ಗಂಡನಿಗೆ ಹೇಳಿದಳು.

"ಅಲ್ಲಿ ಮುಟ್ಟೋರು ಯಾರು, ತಿನಸೋರು ಯಾರು, ಗೊತ್ತೈತೇನು ನಿನಗ?" ಎಂದು ಅವನು ದಿನವೂ ಕೇಳಿದ.

ಹತ್ತೊಂಬತ್ತನೆಯ ದಿನ ಬೆಳೆ ನೋಡಲು ಬಂದ ಕಂದಾಯದ ಗಿರ್ದಾವರ ಪಡಸಾಲೆಯಲ್ಲಿ ಕೂತವನು ಮೂಗಿಗೆ ರುಮಾಲು ಹಿಡಿದ. "ಇದೇನ್ರೀ ಸಾವ್ಕಾರ್ರ, ಇಷ್ಟು ಬದಬೂ? ಕೂಸಿನ್ನ ಲಿಂಗಸುಗೂರ ದವಾಖಾನಿಗೆ ಒಯ್ರಿ" ಎಂದ. ಹೆಂಡತಿಯ ಹದಿನೆಂಟು ದಿನದ ಮಾತಿಗೆ ಅಲುಗದ ಹಂಪಣ್ಣ ಸರ್ಕಾರಿ ಮನುಷ್ಯನ ಒಂದು ಮಾತಿಗೆ ಗಾಡಿ ಕಟ್ಟಿಸಿದ.

ಮಸ್ಕಿಯಲ್ಲಿ ತಂಗಿ, ಮರುದಿನ ಮಧ್ಯಾಹ್ನ ಅವರು ಲಿಂಗಸುಗೂರು ಮುಟ್ಟಿದರು. ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವವಳು ಪಕೀರಮ್ಮ ಎಂಬ ಆಯಾ. ಊರ ಹೊರಗಿನ ಕೇರಿಯ ಹೆಣ್ಣುಮಗಳು, ನಲವತ್ತೈದರ ಆಸುಪಾಸು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿ ಅವಳಿಗೆ ಎರಡು ಗುಣ ಬಂದಿದ್ದವು: ಗಾಯಕ್ಕೆ ಹೇಸುತ್ತಿರಲಿಲ್ಲ, ಮನುಷ್ಯರಿಗೆ ಹೇಸುತ್ತಿದ್ದಳು.

ಅವಳು ಗಾಯಕ್ಕೆ ಅಂಟಿದ್ದ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ ಬಿಡಿಸಿದಳು. ಗಾಯ ಬೆಳ್ಳಗೆ, ಜೋಲು ಜೋಲಾಗಿತ್ತು. ಎಲ್ಲಿಯೂ ಕೆಂಪು ಚಿಗುರಿರಲಿಲ್ಲ. ಹುಡುಗಿಯ ತೋಳನ್ನು ಎರಡು ಬೆರಳಲ್ಲಿ ಬಳಸಿ ನೋಡಿ, "ಏನು ತಿನಸಾಕತ್ತೀರಿ?" ಎಂದಳು.

ಹಂಪಣ್ಣ ಪಥ್ಯವನ್ನು ವಿವರವಾಗಿ ಹೇಳಿದ. ಅದು ಯಾರು ಹೇಳಿದ ಪಥ್ಯ, ಅವರದು ಎಂಥ ಮಠ ಎಂಬುದನ್ನೂ ಹೇಳಿದ.

"ನಿಮ್ಮ ಎತ್ತು ಕಾಲು ಮುರಕೊಂಡ್ರ ಹಿಂಡಿ ಬಿಡಸ್ತೀರೇನ್ರಿ ಸಾವ್ಕಾರ್ರ?" ಎಂದು ಪಕೀರಮ್ಮ ಕೇಳಿದಳು.

"ಎತ್ತಿನ ಮಾತು ಯಾಕ ಈಗ?"

"ಎತ್ತಿಗೆ ಹಿಂಡಿ, ಹತ್ತಿಕಾಳು ಎರಡೂ ಇಡ್ತೀರಿ. ಉಳೀಬೇಕಂತ ಇಡ್ತೀರಿ. ಬೆಂದ ಮೈ ಅಂದ್ರ ಉರಿಯೋ ಒಲಿ ಇದ್ದಂಗ. ಕಟ್ಟಿಗಿ ಹಾಕದಿದ್ರ ಮನೀ ತೊಲೀನ ಸುಡತೈತಿ. ಈ ಕೂಸು ಇಷ್ಟು ದಿನದಿಂದ ತನ್ನ ಮೈ ತಾನ ತಿನ್ನಾಕತ್ತೈತಿ."

ಹಂಪಣ್ಣನಿಗೆ ಸಿಟ್ಟು ಬಂತು. ಆದರೆ ಅವನ ಬಾಯಿಂದ ಬಂದದ್ದು ಸಿಟ್ಟಿನ ಮಾತಲ್ಲ. ಮಗಳ ಕುತ್ತಿಗೆಯ ಕಡೆ ನೋಡಿ, ಮುಖ ತಿರುಗಿಸಿ, "ಉಳುದ್ರೂ ಈ ಮೈ ಯಾರು ಮಾಡಿಕೊಳ್ತಾರ?" ಎಂದ.

ಪಕೀರಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಬೋಗುಣಿಗೆ ಹಾಕಿದಳು. "ಹಂಗನ್ರಿ ಮತ್ತ. ನಿಮಗ ಬೇಕಾಗಿದ್ದು ಪಥ್ಯ ಅಲ್ಲ. ನೆಪ."

ಅಂಥ ಹೆಣ್ಣಿನ ಮುಂದೆ ನಿಲ್ಲುವುದು ತನ್ನ ಘನತೆಗೆ ಕಡಿಮೆಯೆಂದು ಹಂಪಣ್ಣ ಅಂದೇ ಊರಿಗೆ ಗಾಡಿ ಹೊಡೆಸಿದ. ತಾಯಿ ಮಗಳು ದವಾಖಾನೆಯ ಹಿಂದಿನ ತಗಡಿನ ಕೋಣೆಗಳ ಸಾಲಿನಲ್ಲಿ ಉಳಿದರು. ಸಂಜೆ ಬಂದ ಡಾಕ್ಟರ್ ಸಾಹೇಬರು ನೋಡಿ ಕಲ್ಯಾಣಮ್ಮನಿಗೆ ಒಂದೇ ಮಾತು ಹೇಳಿದರು: "ದವಾ ನಾ ಕೊಡ್ತೀನಿ, ತಾಯಿ. ಚರ್ಮ ನಾ ಕೊಡಾಕ ಬರಂಗಿಲ್ಲ. ಅದು ಹೊಟ್ಟಿಯಿಂದ ಬರಬೇಕು."

ಅವರು ಹೋದ ಮೇಲೆ ಕಲ್ಯಾಣಮ್ಮ ಅಳತೊಡಗಿದಳು. ಅಯ್ಯನವರನ್ನು ಬೈದಳು, ಗಂಡನನ್ನು ಬೈದಳು. ಪಕೀರಮ್ಮ ಸ್ವಲ್ಪ ಹೊತ್ತು ಕೇಳಿದಳು. ಅಳುವವರ ಮೇಲೂ ಅವಳಿಗೆ ಕರುಣೆ ಕಡಿಮೆ.

"ಅಯ್ಯ ಹೇಳ್ದ, ಸಾವ್ಕಾರ ತಲಿ ಹಾಕ್ದ. ಗಂಜಿ ಕಾಸಿದ್ದು ಯಾರ್ರಿ? ಬಾಯಿಗೆ ಹಿಡದದ್ದು ಯಾರು?"

ಕಲ್ಯಾಣಮ್ಮನ ಅಳು ನಿಂತಿತು. ಮುಖ ಒರೆಸಿಕೊಂಡು, "ನಾನ" ಎಂದಳು. "ಹಿತ್ತಲದಾಗ ಹಾಲಿತ್ತು. ಕದ್ದು ಒಂದು ಬಟ್ಟಲ ಕುಡಿಸಬಹುದಿತ್ತು. ಅಂಜಿದೆ."

"ಹಂಗಾರ ಇನ್ನ ಅಳಬ್ಯಾಡ್ರಿ. ಒಲಿ ಹೂಡ್ರಿ. ನಾ ಮುಟ್ಟಂಗಿಲ್ಲ, ದೂರ ಕುಂತು ಹೇಳ್ತೀನಿ."

ಕೀವು ತೊಳೆಯಲು ಒಗ್ಗುವ ಕೈ ಹಾಲಿನ ಬಟ್ಟಲಿಗೆ ಒಗ್ಗದು ಎಂಬ ನೇಮ ಪಕೀರಮ್ಮನಿಗೆ ಇಪ್ಪತ್ತು ವರ್ಷಗಳಿಂದ ಗೊತ್ತಿತ್ತು. ಆ ನೇಮವನ್ನು ಅವಳು ಒಮ್ಮೆಯೂ ಗೌರವಿಸಿರಲಿಲ್ಲ. ಮಗುವಿನ ಊಟಕ್ಕೆ ಅಡ್ಡ ಬರದಂತೆ ದಾಟುವುದನ್ನಷ್ಟೇ ಕಲಿತಿದ್ದಳು.

ಬತ್ತಿದ ಹೊಟ್ಟೆಗೆ ಒಮ್ಮೆಲೇ ತುಂಬಿದರೆ ಜೀವಕ್ಕೇ ಅಪಾಯವೆಂದು ಅವಳು ಬಲ್ಲಳು. ಮೊದಲ ಎರಡು ದಿನ ಕಚೇರಿಯ ಗಂಟೆ ಬಾರಿಸಿದಾಗಲೆಲ್ಲ ನೀರು ಬೆರೆಸಿದ ಹಾಲಿಗೆ ಚೂರು ಬೆಲ್ಲ ಹಾಕಿ ಎರಡೆರಡು ಚಮಚ ಮಾತ್ರ ಕೊಡಿಸಿದಳು. ಮೂರನೆಯ ದಿನ ಮೆತ್ತಗೆ ಹಿಚುಕಿದ ಮೊಸರನ್ನ, ಉಪ್ಪು ಹಾಕಿ. ಉಪ್ಪು ನಾಲಗೆಗೆ ತಾಗಿದಾಗ ಬಸವಣ್ಣೆಮ್ಮ ಕಣ್ಣು ತೆರೆದು ತಾಯಿಯ ಕೈಯನ್ನೇ ನೋಡಿದಳು. ಆಮೇಲೆ ಹೆಸರುಬೇಳೆಯ ಕಟ್ಟು, ತುಪ್ಪ, ನುಗ್ಗೆಸೊಪ್ಪು, ಹಾಲಲ್ಲಿ ಕಲಸಿದ ಪುಠಾಣಿ ಹಿಟ್ಟು, ನುಣ್ಣಗೆ ಅರೆದ ಶೇಂಗಾ. ಬೇಳೆ ತಿಂದದ್ದಕ್ಕೆ ಕೀವು ಹೆಚ್ಚಲಿಲ್ಲ, ಕಡಿಮೆಯಾಯಿತು. ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ಪಕೀರಮ್ಮ ಪ್ರತಿದಿನ ತಾಯಿಯನ್ನು ಕರೆದು ತೋರಿಸುತ್ತಿದ್ದಳು. ಗಾಯದ ಅಂಚಿನಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಮೂಡುತ್ತಿತ್ತು.

ಮೂರನೆಯ ವಾರ ಹುಡುಗಿಗೆ ಹಾಲು ಒಗ್ಗದಾಯಿತು. ಕುಡಿದರೆ ಭೇದಿ, ಶೇಂಗಾ ಕಂಡರೆ ವಾಂತಿ. ನಾಲ್ಕು ದಿನದಲ್ಲಿ ಮತ್ತೆ ಕೆನ್ನೆ ಬತ್ತಿದವು, ಗಾಯದ ಕೆಂಪು ಮಂಕಾಯಿತು. ಡಾಕ್ಟರ್ ಸಾಹೇಬರು ಕೋಳಿ ತತ್ತಿ ಕೊಡಬೇಕೆಂದರು. ಪಕೀರಮ್ಮ ಆ ಮಾತನ್ನು ಕಲ್ಯಾಣಮ್ಮನಿಗೆ ಮುಟ್ಟಿಸಿದಳೇ ಹೊರತು ಒತ್ತಾಯಿಸಲಿಲ್ಲ.

"ಕೊಳ್ಳಾಗ ಲಿಂಗ ಐತಿ ನಿಮಗ. ಮಜ್ಜಗಿ, ತೆಳ್ಳನ ಬ್ಯಾಳಿ ಕಟ್ಟು ಕೊಟ್ಟು ನೋಡೋಣು. ಬಗೆಹರಿದ್ರ ಹರೀಬಹುದು."

"ಹರೀದಿದ್ರ?"

ಪಕೀರಮ್ಮ ಹುಡುಗಿಯ ತೋಳನ್ನು ಮತ್ತೆ ಎರಡು ಬೆರಳಲ್ಲಿ ಬಳಸಿ ತೋರಿಸಿದಳು.

ಕಲ್ಯಾಣಮ್ಮ ಮಗಳ ಪಕ್ಕದಲ್ಲಿ ಕೂತು ಸೆರಗಿನಿಂದ ನೊಣ ಹೊಡೆಯುತ್ತ ಯೋಚಿಸಿದಳು. ಕೊನೆಗೆ, "ಹದಿನೆಂಟು ದಿನ ಯೋಚನೆ ಮಾಡಿದ್ದಕ್ಕ ಇಕಿ ಹಿಂಗ ಆಗ್ಯಾಳ. ತಗೊಂಡು ಬಾ, ಯಕ್ಕಾ" ಎಂದಳು.

ಅವಳು ಪಕೀರಮ್ಮನನ್ನು ಅಕ್ಕ ಎಂದದ್ದು ಅದೇ ಮೊದಲು. ಪಕೀರಮ್ಮ ಅದಕ್ಕೆ ಹಿಗ್ಗಲಿಲ್ಲ. ಆದರೆ ತನ್ನ ಮನೆಯ ಕೋಳಿಯ ತತ್ತಿಗಳನ್ನೇ ತಂದು, ಮೊದಲ ಸಲ ತಾನೇ ಬೇಯಿಸಿ, ಸುಲಿದು, ಉಪ್ಪು ಉದುರಿಸಿ ಕೊಟ್ಟಳು. ಕಲ್ಯಾಣಮ್ಮ ಅವಳ ಕೈಯಿಂದಲೇ ತೆಗೆದುಕೊಂಡು ಚೂರು ಚೂರಾಗಿ ಮಗಳ ಬಾಯಿಗಿಟ್ಟಳು.

ಬಸವಣ್ಣೆಮ್ಮ ಅಗಿದು, "ಇದೇನವ್ವ?" ಎಂದಳು.

"ಔಷಧ."

"ಚಲೋ ಐತಿ," ಎಂದು ಹುಡುಗಿ ಮತ್ತೆ ಬಾಯಿ ತೆರೆದಳು.

ಅಲ್ಲಿಂದ ಎರಡು ತಿಂಗಳಿಗೆ ಬೆನ್ನ ಮೇಲೆ ಅಂಗೈಯಗಲ ಬಿಟ್ಟರೆ ಉಳಿದ ಗಾಯವೆಲ್ಲ ಮುಚ್ಚಿತು. ಬಲಗೈ ಮಾತ್ರ ಮೊಣಕೈಯಲ್ಲಿ ಮಡಿಚಿಕೊಂಡೇ ಉಳಿಯಿತು. ಮನೆಯಲ್ಲಿದ್ದ ದಿನಗಳಲ್ಲಿ ಅದನ್ನು ಚಾಚಿಸಿ ಇಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ಪಥ್ಯ ಕಾಯುವುದರಲ್ಲಿದ್ದರು.

ಮಗಳು ಉಳಿದಳೆಂಬ ಸುದ್ದಿ ಊರಿಗೆ ಮುಟ್ಟಿದ ಮೇಲೆ ಹಂಪಣ್ಣ ಹೊಸ ರುಮಾಲು ಸುತ್ತಿಕೊಂಡು ಬಂದ. ಜೊತೆಗೆ ಕರಿಬಸಯ್ಯನವರೂ ಇದ್ದರು. ದವಾಖಾನೆಯ ಬೇವಿನ ಕೆಳಗೆ ನಾಲ್ಕು ಜನ ಕೂತಿದ್ದರು. ಅವರಿಗೆ ಕೇಳಿಸುವಂತೆ ಅಯ್ಯನವರು, "ವಿಭೂತಿ ಕೈ ಬಿಡಲಿಲ್ಲ ನೋಡು, ಹಂಪಣ್ಣ" ಎಂದರು. ಹಂಪಣ್ಣ ಕೈ ಮುಗಿದ. ಮಗಳನ್ನು ಮುಟ್ಟಲಿಲ್ಲ. ಕುತ್ತಿಗೆಯ ಕಲೆ ನೋಡಿ, ಹೆಂಡತಿಗೆ, "ಪಥ್ಯ ಬರೋಬರಿ ನಡಸೀದಿ ಹೌದಿಲ್ಲೋ?" ಎಂದು ಕೇಳಿದ.

ಸುಳ್ಳು ಹೇಳಿದ್ದರೆ ಅಂದೇ ಗಾಡಿ ಹತ್ತಿ ಮನೆಗೆ ಹೋಗಬಹುದಿತ್ತು. ಕಲ್ಯಾಣಮ್ಮ ಸೆರಗು ಸರಿಮಾಡಿಕೊಂಡಳು.

"ಬ್ಯಾಳಿ ತಿನಸೀನಿ. ತುಪ್ಪ ತಿನಸೀನಿ. ಹಾಲು ಒಗ್ಗಲಿಲ್ಲ, ತತ್ತಿ ತಿನಸೀನಿ. ಪಕೀರಮ್ಮಕ್ಕ ಬೇಯಿಸಿ ಕೊಟ್ಲು."

ಕರಿಬಸಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. ಬೆಂದ ಮಗುವಿನ ಚೀರಾಟಕ್ಕೆ ಏಳದ ಕಾಲುಗಳು ಈಗ ಚುರುಕಾಗಿದ್ದವು. ತಾಯಿ ಮಗಳಿಬ್ಬರಿಗೂ ಮತ್ತೆ ದೀಕ್ಷೆಯಾಗಬೇಕು, ಅಲ್ಲಿಯವರೆಗೆ ದನದ ಕೊಟ್ಟಿಗೆಯಲ್ಲಿರಬೇಕು ಎಂದು ಅಪ್ಪಣೆಯಾಯಿತು.

"ಕೇಳ್ದೆಲ್ಲ? ಗಾಡಿ ಹತ್ತು," ಎಂದ ಹಂಪಣ್ಣ.

"ನಿಮ್ಮ ದನ ಪುಣ್ಯ ಮಾಡ್ಯಾವ. ಹೊಟ್ಟಿ ತುಂಬ ತಿಂತಾವ," ಎಂದಳು ಕಲ್ಯಾಣಮ್ಮ. ದನಿ ಏರಲಿಲ್ಲ. "ಅವುಗಳ ನಡುವ ನಾವ್ಯಾಕ? ನೀವು ಹೋಗ್ರಿ. ನಾ ಮುಕ್ಕುಂದಕ್ಕ ಹೋಗ್ತೀನಿ, ನನ್ನ ತಮ್ಮನ ಮನಿಗೆ."

ಹಂಪಣ್ಣ ಅವಳು ಕಾಲಿಗೆ ಬೀಳುವಳೆಂದು ಸ್ವಲ್ಪ ಹೊತ್ತು ಕಾದ. ಅವಳು ಅವನನ್ನು ನೋಡುತ್ತಲೂ ಇರಲಿಲ್ಲ. ಮಗಳ ಬಟ್ಟೆ ಗಂಟು ಕಟ್ಟುತ್ತಿದ್ದಳು. ಬೇವಿನ ಕೆಳಗಿನ ನಾಲ್ವರು ನೋಡುತ್ತಿದ್ದುದರಿಂದ ಅವನು ಕೆಮ್ಮಿ, ಗಾಡಿಯವನನ್ನು ಸುಮ್ಮನೆ ಬೈದು, ಹೊರಟ. ಮರುವರ್ಷ ಇನ್ನೊಂದು ಮದುವೆಯಾದ. ದಕ್ಷಿಣೆ ತೆಗೆದುಕೊಂಡು ಅಕ್ಷತೆ ಹಾಕಿದವರು ಕರಿಬಸಯ್ಯನವರೇ.

ಸುಗ್ಗಿಯ ನಂತರ ಕಲ್ಯಾಣಮ್ಮನ ತಮ್ಮ ಕಚೇರಿ ಕೆಲಸಕ್ಕೆ ಲಿಂಗಸುಗೂರಿಗೆ ಬಂದವನು ಪಕೀರಮ್ಮನಿಗೆಂದು ಒಂದು ಗಂಟು ಹೊಸ ಅಕ್ಕಿ ತಂದ. ಅವಳು ಯಾರದೋ ಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಗಂಟನ್ನು ಮೂಲೆಯಲ್ಲಿಡುವಂತೆ ಗದ್ದದಿಂದ ತೋರಿಸಿದಳು.

"ಕೈ ಹೆಂಗೈತಿ ಹುಡುಗೀದು?"

"ಪೂರಾ ಚಾಚಾಕ ಬರಂಗಿಲ್ರಿ. ಎಡಗೈಲೆ ಭತ್ತ ತೂರತಾಳ."

"ಉಣ್ಣಾಕ ಹೆಂಗದಾಳ?"

"ನಮ್ಮ ಮನ್ಯಾಗ ಎಲ್ಲಾರಿಗಿಂತ ಹೆಚ್ಚು ಉಣ್ಣಾಕಿ ಆಕೀನ್ರಿ."

"ಉಣ್ಲಿ," ಎಂದು ಪಕೀರಮ್ಮ ಹಲ್ಲಿನಿಂದ ಬಟ್ಟೆ ಹರಿದು ಗಂಟು ಹಾಕಿದಳು.